ಮರಗಟ್ಟಿದ ಬಾಯಿಯ ಸಾಕ್ಷಿ

ಇನ್ನೂ ಸ್ವಲ್ಪ ಅಗಲ, ಭಾವ. ಹಾಂ... ಹಾಗೇ. ನಾಲಿಗೆ ಆಚೆ ಸರಿಸಿ. ಒಂದು ಹತ್ತಿ ಉಂಡೆ ಇಲ್ಲಿ... ಇನ್ನೊಂದು ಇಲ್ಲಿ... ಇದೊಂದು ಸುಮ್ಮನೆ ಇರಲಿ. ಯಾಕೆ ಕಣ್ಣು ಅರಳಿಸ್ತೀರಿ? ಹತ್ತಿ ಹೆಚ್ಚಾಯಿತಾ? ಹತ್ತಿ ಹೆಚ್ಚಾಗಿ ಈ ಕುರ್ಚಿಯಲ್ಲಿ ಇದುವರೆಗೆ ಯಾರೂ ಸತ್ತಿಲ್ಲ.

ಇಂಜೆಕ್ಷನ್ ಹಿಡಿಯಿತಾ? ತುಟಿ ದಪ್ಪ ಆದ ಹಾಗಿದೆಯಾ? ಕೆನ್ನೆ ಬೇರೆ ಯಾರದೋ ಅನ್ನಿಸ್ತಿದೆಯಾ? ತಲೆ ಆಡಿಸಿದರೆ ಸಾಕು. ದೇವರಿಗೆ ಸ್ತೋತ್ರ! ಹಲ್ಲು ಅರ್ಜೆಂಟಾಗಿ ತೋರಿಸಿಕೊಂಡು ಬನ್ನಿ ಅಂತ ಅಕ್ಕ ನಿಮ್ಮನ್ನು ಇವತ್ತೇ ಕಳಿಸಿದ್ದು, ಅದೂ ಸಭೆಗೆ ಮುಂಚೆ ಕಳಿಸಿದ್ದು, ಎಲ್ಲಾ ದೈವಚಿತ್ತ.

ಅಂದ ಹಾಗೆ, ಭಾವ... ಸಂಜೆ ಚರ್ಚಿನ ಸಭೆಯಲ್ಲಿ ನಮ್ಮ ಗಂಟೆ ಹೊಡೆಯೋ ಗಂಟೆಯಣ್ಣನ ವಿಷಯ ತಾನೆ? ಅವನನ್ನು ಕೆಲಸದಿಂದ ತೆಗೆಯೋದು, ಗೋಪುರದ ಕೆಳಗಿನ ಕೋಣೆಯನ್ನೂ ಬಿಡಿಸೋದು. ನೀವು ಕಾರ್ಯದರ್ಶಿ, ನಿಮ್ಮ ಮಾತೇ ಕೊನೆ. ಅದಕ್ಕೆ ನಾನು ಒಂದು ಮಾತು... ಅಯ್ಯೋ, ಏಳಬೇಡಿ! ದೀಪ ಹಣೆಗೆ ಬಡಿಯುತ್ತೆ. ನೋಡಿ, ಬಡೀತು.

ಕೈ ಇಳಿಸಿ ಭಾವ. ನೋವಾದರೆ ಕೈ ಎತ್ತಿ ಅಂದಿದ್ದೆ. ಸಿಟ್ಟು ಬಂದರೆ ಎತ್ತಿ ಅಂದಿರಲಿಲ್ಲ.

ಬೆಳಿಗ್ಗೆ ಮೊಣಕಾಲೂರಿ ಬೇಡಿಕೊಂಡೆ. ಕರ್ತನೇ, ಭಾವನಿಗೆ ಸತ್ಯ ಹೇಳುವ ಧೈರ್ಯ ನನಗೆ ಕೊಡು ಅಂತ. ಧೈರ್ಯ ಬರಲಿಲ್ಲ. ನೀವು ಬಂದಿರಿ! ಏನು ಮಾಡಲಿ, ದೇವರು ಕೊಟ್ಟದ್ದನ್ನು ಬಳಸಬೇಕಲ್ಲ. ನಿಮಗೆ ಗೊತ್ತಾ, ಈ ಕುರ್ಚಿಯೇ ನನ್ನ ಪ್ರಸಂಗಪೀಠ. ಬೇಕರಿಯವನಿಗೆ ತೂಕದ ಮೋಸದ ಬಗ್ಗೆ ಹೇಳಿದ್ದು ಇಲ್ಲೇ. ಪಾಪ, ತಕ್ಷಣ ತಲೆ ಆಡಿಸಿದ. ಬೇರು ಕೊರೆಯುವಾಗ ಪಶ್ಚಾತ್ತಾಪ ಬೇಗ ಬರುತ್ತೆ, ಭಾವ, ನಾನು ಎಷ್ಟೋ ಸಲ ಕಂಡಿದ್ದೇನೆ. ನಾತಾನ ಪ್ರವಾದಿ ಅರಸನ ಮುಂದೆ ನಿಂತು ಅವನ ಪಾಪವನ್ನು ಮುಖಕ್ಕೇ ಹೇಳಿದ ಹಾಗೆ ನಾನೂ...

ಯಾಕೆ ನಗ್ತೀರಿ? ನಗಬೇಡಿ, ಹತ್ತಿ ಜಾರುತ್ತೆ. ಹೌದು, ಗೊತ್ತು. ಆ ಅರಸನ ಬಾಯಲ್ಲಿ ಹತ್ತಿ ಇರಲಿಲ್ಲ.

ಸರಿ. ಹೇಳ್ತೀನಿ. ಭಾವ... ನೀವು ಗಂಟೆಯಣ್ಣನ ಮೇಲೆ ಸುಳ್ಳು ಸಾಕ್ಷಿ ಹೇಳಿದಿರಿ. ಅದು ಪಾಪ.

ಅಬ್ಬಾ! ಹೇಳಿಬಿಟ್ಟೆ! ಅಯ್ಯೋ, ಚಿಮಟ ಕೆಳಗೆ ಬಿತ್ತು... ಇಲ್ಲ ಇಲ್ಲ, ಈ ಕೈಯಲ್ಲಿ ಡ್ರಿಲ್ ಹಿಡಿಯೋಲ್ಲ, ಹೆದರಬೇಡಿ.

ಭಾನುವಾರ ಅವನು ಗಂಟೆ ಹೊಡೆದು ಒಳಗೆ ಬಂದ. ಬಾಯಿ ಸೊಟ್ಟ, ಮೂಲೆಯಲ್ಲಿ ಜೊಲ್ಲು, ಮಾತು ತೊದಲು. 'ಈ ಮನುಷ್ಯ ಕುಡಿದು ದೇವರ ಮನೆಗೆ ಬಂದಿದ್ದಾನೆ, ಇನ್ನು ಹಗ್ಗ ಮುಟ್ಟಕೂಡದು' ಅಂತ ನೀವು ಎಲ್ಲರೆದುರು ಎದ್ದು ಹೇಳಿದಿರಿ. ಪಾಪ, ಇಲ್ಲ ಇಲ್ಲ ಅನ್ನೋಕೆ ಹೋದ. ಆ ಬಾಯಲ್ಲಿ ಅದು ಹೇಗೆ ಬಂತು ಅಂದರೆ, ಕೇಳಿದವರಿಗೆ ಇನ್ನೂ ಅರ್ಧ ಬಾಟಲಿ ಏರಿಸಿದ ಹಾಗೆ! ಜನ ನಕ್ಕರು. ಪಾದ್ರಿಯವರು ಕೆಮ್ಮಿದ ಹಾಗೆ ಮಾಡಿ ನಕ್ಕರು. ಅವನು ಹಗ್ಗವನ್ನು ಕೊಕ್ಕೆಗೆ ಸಿಕ್ಕಿಸಿ, ತಲೆ ತಗ್ಗಿಸಿ ಹೊರಟುಹೋದ.

ಕುಡಿದಿರಲಿಲ್ಲ, ಭಾವ. ಅವತ್ತು ಆರಾಧನೆಗೆ ಮುಂಚೆ ಇಲ್ಲೇ ಕೂತಿದ್ದ. ನೀವೀಗ ಕೂತಿದ್ದೀರಲ್ಲ, ಇದೇ ಕುರ್ಚಿ. ಕೆನ್ನೆ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. ಇಂಜೆಕ್ಷನ್ ಕೊಟ್ಟು ದವಡೆ ಹಲ್ಲು ಕಿತ್ತೆ. ಹೋಗಿ ಮಲಗು ಅಂದೆ. 'ಗಂಟೆ ಯಾರು ಹೊಡೀತಾರೆ ಡಾಕ್ಟ್ರೇ?' ಅಂದ. ಅಷ್ಟೇ. ಬಾಯಿ ಮರಗಟ್ಟಿತ್ತು, ಅಷ್ಟೇ!

ಬುಧವಾರದ ಪ್ರಾರ್ಥನೆಗೆ ಗಂಟೆ ನೀವೇ ಹೊಡೆದಿರಲ್ಲ. ಏನು ಹೊಡೆತ ಭಾವ ಅದು! ಬೆಂಕಿ ಬಿದ್ದಿದೆ ಅಂತ ಹಿಂದಿನ ಬೀದಿಯವರೆಲ್ಲ ಬಕೆಟ್ ಹಿಡ್ಕೊಂಡು ಓಡಿ ಬಂದರು. ಬೆಂಕಿ ಕಾಣದೆ ಒಬ್ಬ ಪುಣ್ಯಾತ್ಮ ನಿಮ್ಮ ಮೇಲೇ ಸುರಿದ. ಹೊತ್ತು ತಂದ ನೀರು ವಾಪಸ್ ಒಯ್ಯೋದು ಹೇಗೆ ಅಂತ.

ಸರಿ, ಹತ್ತಿ ತೆಗೀತೀನಿ. ಈಗ ಹೇಳಿ... ಏನಂದಿರಿ? ಇನ್ನೊಮ್ಮೆ... ಅಯ್ಯೋ ಭಾವ, ಇಲ್ಲಿ ಒರೆಸಿಕೊಳ್ಳಿ. ಈ ಕಡೆ. ಗದ್ದದ ಮೇಲೆ. ಕನ್ನಡಿ ಕೊಡಲಾ? ಕಂಡಿತಾ? ನೀವು ಇವತ್ತು ಒಂದು ತೊಟ್ಟೂ ಮುಟ್ಟಿಲ್ಲ. ಆದರೆ ಈ ಬಾಯಿ ಇಟ್ಟುಕೊಂಡು ಸಭೆಯಲ್ಲಿ ಎದ್ದು ನಿಂತರೆ ಜನ ಏನಂತಾರೆ, ಹೇಳಿ?

ಹೇಳಿ ಭಾವ. ಯಾಕೆ ಸುಮ್ಮನಾದಿರಿ? ಬೈಯಿರಿ ಬೇಕಾದರೆ. ನಿಮ್ಮ ಬೈಗುಳ ಕೇಳಿ ಅಭ್ಯಾಸ ಇದೆ, ಈ ಸುಮ್ಮನಿರೋದು ಅಭ್ಯಾಸ ಇಲ್ಲ... ಹಲ್ಲಾ? ಹಲ್ಲು... ನೋಡೋಣ, ಅದು... ಆಯ್ತು. ಹಲ್ಲಿಗೆ ಏನೂ ಆಗಿಲ್ಲ. ಚಹಾದ ಕಲೆ ಒಂದಿದೆ. ಅರ್ಜೆಂಟು ಅಂತ ಹೇಳು ಅಂತ ಅಕ್ಕನಿಗೆ ಹೇಳಿಕೊಟ್ಟವನು ನಾನೇ. ನೀವು ಎದುರು ಮಾತಾಡುವಾಗ ಸತ್ಯ ಹೇಳೋಕೆ ಭಯ, ಅದಕ್ಕೆ ಮೊದಲು ನಿಮ್ಮ ಬಾಯಿ ಮರಗಟ್ಟಿಸಿದೆ. ಕ್ಷಮಿಸಿಬಿಡಿ. ಬಂತಲ್ಲ, ಸತ್ಯ ಹೊರಗೆ ಬಂತು. ಇನ್ನು ಹೋಗೋಣವಾ?

ಇನ್ನೂ ಹಾಗೇ ನೋಡ್ತಿದ್ದೀರಲ್ಲ... ಹಲ್ಲಿನ ವಿಷಯ ಅಲ್ವಾ? ಮತ್ತೇನು? ಬೆರಳು ಯಾಕೆ ನನ್ನ ಕಡೆ ತೋರಿಸ್ತೀರಿ? ನಾನಾ? ಭಾನುವಾರ ನಾನು... ಇದ್ದೆ. ನಿಮ್ಮ ಹಿಂದಿನ ಸಾಲಿನಲ್ಲೇ. ಹೌದು. ಅವನು ನಿಮಗೆ ಉತ್ತರ ಕೊಡೋಕೆ ಒದ್ದಾಡ್ತಾ ನನ್ನ ಕಡೆ ನೋಡಿದ. ಮತ್ತೆ ನೋಡಿದ. ನಾನು... ನಾನು ಹಾಡಿನ ಪುಸ್ತಕದಲ್ಲಿ ಮುಂದಿನ ಹಾಡು ಹುಡುಕ್ತಿದ್ದೆ. ಅದರ ಸಂಖ್ಯೆ ಗೋಡೆಯ ಹಲಗೆ ಮೇಲೆ ದೊಡ್ಡದಾಗಿ ಬರೆದಿತ್ತು. ಆದರೂ ಹುಡುಕ್ತಿದ್ದೆ.

ನಿಮಗೆ ಗೊತ್ತಿರಲಿಲ್ಲ, ಭಾವ. ಕಣ್ಣಿಗೆ ಕಂಡದ್ದನ್ನು ದುಡುಕಿ ಹೇಳಿದಿರಿ. ಗೊತ್ತಿದ್ದವನು ನಾನೊಬ್ಬನೇ.

ಕರ್ತನೇ, ಧೈರ್ಯ ಕೇಳಿದ್ದು ನಾನು, ನೀನು ಕಳಿಸಿದ್ದು ಇವರ ಮೌನವಾ!

ಏಳಿ. ದೀಪ, ಹುಷಾರು. ಸಭೆಯಲ್ಲಿ ನೀವು ಮಾತಾಡೋ ಹಾಗಿಲ್ಲ, ನಗ್ತಾರೆ. ನಾನೇ ಎದ್ದು ನಿಲ್ತೀನಿ, ನೀವು ಪಕ್ಕದಲ್ಲೇ ಕೂತಿರಿ. ನಾನು ಮಧ್ಯದಲ್ಲಿ ಕೂತುಬಿಟ್ಟರೆ ಕಾಲರ್ ಹಿಡಿದು ಎಬ್ಬಿಸಿ, ಅಷ್ಟು ಸಾಕು...

ಬೇಡ, ಆ ಕರವಸ್ತ್ರ ನೀವೇ ಇಟ್ಕೊಳ್ಳಿ. ನನಗ್ಯಾಕೆ? ಓ, ಕಣ್ಣಿಗಾ... ಕೊಡಿ.

ಅವತ್ತು ನನ್ನ ಬಾಯಿಗೆ ಯಾರೂ ಇಂಜೆಕ್ಷನ್ ಕೊಟ್ಟಿರಲಿಲ್ಲ, ಭಾವ.