ಸೀಮೆಸುಣ್ಣದಮ್ಮನ ಹಲಗೆ

ಮಾನ್ಯ ಅಧ್ಯಕ್ಷರೇ, ಸಂಸ್ಥೆಯ ನಿರ್ದೇಶಕರೇ, ಮುಂದಿನ ಸಾಲಿನ ಮೆತ್ತನೆಯ ಕುರ್ಚಿಗಳಲ್ಲಿ ಕುಳಿತಿರುವ ಗಣ್ಯರೇ, ಜಾಗ ಸಾಲದೆ ಗೋಡೆಗೆ ಒರಗಿ ನಿಂತಿರುವ ಸಭಿಕರೇ,

ನಾನು ಹಲ್ಲಿನ ಡಾಕ್ಟರು. ಎದುರಿಗಿದ್ದವರ ಬಾಯಿ ತೆರೆಸಿ ನಾನೊಬ್ಬನೇ ಮಾತಾಡುತ್ತ ಆಯುಷ್ಯ ಕಳೆದವನು. ಹಾಗಾಗಿ ಯಾರೂ ಎದುರಾಡದ ಸಭೆ ನನಗೆ ಹೊಸದಲ್ಲ. ನಿರೂಪಕರು ಈಗಷ್ಟೇ ನನ್ನ ಕಿವಿಯಲ್ಲಿ, "ಸರ್, ಎರಡು ಮಾತು ಸಾಕು, ಆಮೇಲೆ ಹಗ್ಗ ಎಳೆದುಬಿಡಿ" ಎಂದರು. ಹಗ್ಗ ಎಳೆದರೆ ನನ್ನ ಬಲಗಡೆಯ ಈ ಪರದೆ ಸರಿಯುತ್ತದೆ, ಅಮೃತಶಿಲೆಯ ಫಲಕ ಕಾಣುತ್ತದೆ, ಈ ಸಭಾಂಗಣಕ್ಕೆ ನನ್ನ ಹೆಂಡತಿಯ ಹೆಸರು ಬರುತ್ತದೆ. ಬರಲಿ, ಅವಸರವೇನು? ಕಾಫಿ ಆರಿದರೆ ಇನ್ನೊಮ್ಮೆ ಬಿಸಿ ಮಾಡಬಹುದು.

ಇದು ಸಭಾಂಗಣವಾಗುವ ಮೊದಲು ಯಂತ್ರದ ಕೋಣೆಯಾಗಿತ್ತು. ಆಗಿನ ಕಂಪ್ಯೂಟರ್ ಎಂದರೆ ಈ ವೇದಿಕೆಯಷ್ಟು ಉದ್ದ. ರಟ್ಟಿನ ಚೀಟಿಗಳಿಗೆ ತೂತು ಹೊಡೆದು ಅದಕ್ಕೆ ಉಣಿಸಬೇಕಿತ್ತು. ಒಂದು ತೂತು ಆಚೀಚೆಯಾದರೆ ಯಂತ್ರ ಸುಮ್ಮನೆ ನಿಂತುಬಿಡುತ್ತಿತ್ತು. ಯಾಕೆ ನಿಂತಿತು, ಎಲ್ಲಿ ತಪ್ಪಿತು, ಒಂದು ಮಾತಿಲ್ಲ. ಮುನಿಸಿಕೊಂಡ ಮಗುವಿನ ಹಾಗೆ. ಇಲ್ಲಿನ ಪಂಡಿತರೆಲ್ಲ ಹಗಲಿಡೀ ಅದರ ಸುತ್ತ ತಿರುಗಿ ತಲೆ ಕೆರೆದುಕೊಳ್ಳುತ್ತಿದ್ದರು. ಅವರಲ್ಲಿ ಒಬ್ಬಳೇ ಹೆಂಗಸು, ಸೆರಗಿಗೆಲ್ಲ ಸೀಮೆಸುಣ್ಣ ಮೆತ್ತಿಕೊಂಡು ಓಡಾಡುತ್ತಿದ್ದವಳು, ನೀವೆಲ್ಲ ಸೀಮೆಸುಣ್ಣದಮ್ಮ ಎಂದು ಕರೆಯುತ್ತಿದ್ದವಳು, ಒಂದು ದಿನ ಹಲ್ಲುನೋವೆಂದು ನನ್ನ ಕ್ಲಿನಿಕ್ಕಿಗೆ ಬಂದಳು.

"ಮೇಲಿನ ಹಲ್ಲು ಡಾಕ್ಟ್ರೇ, ಈ ಕಡೇದು. ಕಿತ್ತಾಕಿಬಿಡಿ" ಎಂದಳು. ನಾನು ಒಂದೊಂದೇ ಹಲ್ಲನ್ನು ತಟ್ಟಿ ನೋಡಿದೆ. ಮೇಲಿನದು ಗಟ್ಟಿಯಾಗಿತ್ತು. ಹುಳುಕು ಇದ್ದದ್ದು ಅದೇ ಕಡೆಯ ಕೆಳಗಿನ ಹಲ್ಲಿನಲ್ಲಿ. "ನೋವು ಒಂದು ಕಡೆ ಕಾಣುತ್ತೆ, ಹುಳುಕು ಇನ್ನೊಂದು ಕಡೆ ಇರುತ್ತೆ. ಕಾಣೋ ಜಾಗಾನೇ ನಂಬ್ಕೊಂಡು ಕಿತ್ರೆ ಒಳ್ಳೆ ಹಲ್ಲು ಹೋಗುತ್ತಮ್ಮ" ಎಂದೆ. ಅವಳು ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಎದ್ದು ಕೂತಳು. "ಅಂದ್ರೆ ನಿಂತ ಜಾಗದಲ್ಲೇ ತಪ್ಪು ಇರ್ಬೇಕು ಅಂತಿಲ್ಲ ಅಲ್ವಾ?" ಎಂದಳು. ಹೆಂಗಸಿಗೆ ಜ್ವರ ತಲೆಗೇರಿದೆ ಎಂದುಕೊಂಡೆ. ಆಮೇಲೆ ಅವಳನ್ನೇ ಮದುವೆಯಾದೆ, ಆ ಮಾತು ಬೇರೆ.

ಅವಳು ಮಾಡಿದ್ದೇನು ಗೊತ್ತೇ? ಆ ಮೂಕ ಯಂತ್ರಕ್ಕೆ ಬಾಯಿ ಕೊಟ್ಟಳು. ಅವಳು ಬರೆದ ಪ್ರೋಗ್ರಾಂ ಒಳಗೆ ಹೋದ ಮೇಲೆ ಯಂತ್ರ ನಿಂತರೆ ಕಾಗದದ ಮೇಲೆ ಅಚ್ಚಾಗುತ್ತಿತ್ತು: ನಾನು ನಿಂತದ್ದು ಇಲ್ಲಿ, ಆದರೆ ಗೋಜಲು ಶುರುವಾದದ್ದು ಅಲ್ಲಿ, ದಯವಿಟ್ಟು ನೋಡಿ. ಆ 'ದಯವಿಟ್ಟು' ಬೇಡವೆಂದು ಮೇಲಿನವರು ಜಗಳವಾಡಿದರು, ಜಾಗ ದಂಡ ಎಂದರು. ಅವಳು ಬಿಡಲಿಲ್ಲ. ಇವತ್ತು ನಿಮ್ಮ ಜೇಬಿನ ಫೋನು, 'ಇಲ್ಲಿ ಒಂದಂಕಿ ಬಿಟ್ಟುಹೋಗಿದೆ, ಇನ್ನೊಮ್ಮೆ ನೋಡಿ' ಎಂದು ಮರ್ಯಾದೆಯಿಂದ ಹೇಳುತ್ತದಲ್ಲ, ಆ ಮರ್ಯಾದೆಗಾಗಿ ಅವಳಂಥವರು ಇಂಥ ಕೋಣೆಗಳಲ್ಲಿ ಗಂಟಲು ಹರಿದುಕೊಂಡಿದ್ದಾರೆ. ಯಂತ್ರ ಕಲಿಯಿತು. ಮನುಷ್ಯರು ಕಲಿತರೇ?

ಮನುಷ್ಯರಿಗಾಗಿ ಅವಳು ಇಟ್ಟದ್ದು ಒಂದು ಕರಿಹಲಗೆ. ಪ್ರತಿ ಸೋಮವಾರ ಬೆಳಿಗ್ಗೆ, ಕೆಲಸಕ್ಕೆ ಮೊದಲು, ಹಿಂದಿನ ವಾರ ತಾನು ಮಾಡಿದ ತಪ್ಪನ್ನು ಅದರ ಮೇಲೆ ಬರೆದು ಸಹಿ ಹಾಕುತ್ತಿದ್ದಳು. ಮುಂದೆ ಅವಳೇ ಇಲ್ಲಿನ ಮುಖ್ಯಸ್ಥೆಯಾದಳು, ಆಗಲೂ ಮುಖ್ಯಸ್ಥೆಯದೇ ಮೊದಲ ಸಾಲು. ಅವಳ ಕೆಳಗೆ ಉಳಿದವರು. ನಗುವಂತಿಲ್ಲ, ಹಂಗಿಸುವಂತಿಲ್ಲ, ಎಲ್ಲರೂ ಓದುವ ತನಕ ಅಳಿಸುವಂತಿಲ್ಲ. ಮನೆಯಲ್ಲೂ ಬಿಡುತ್ತಿರಲಿಲ್ಲ ಮಾರಾಯತಿ. ಸೋಮವಾರ ಕಾಫಿ ಕೊಡುವಾಗ, "ಈ ವಾರ ನಿಮ್ದೇನು ತಪ್ಪು?" ಎನ್ನುವಳು. "ನಂದೇನೂ ಇಲ್ಲ" ಎನ್ನುತ್ತಿದ್ದೆ. "ಸರಿ, ಅದೇ ಈ ವಾರದ್ದು" ಎಂದು ಲೋಟ ಇಟ್ಟು ಹೋಗುವಳು.

ಈಗ ಪರದೆಯ ವಿಷಯಕ್ಕೆ ಬರುತ್ತೇನೆ. ಸಭೆಗೆ ಬೇಗ ಬಂದೆ. ವಯಸ್ಸಾದವರಿಗೆ ಬೇರೆ ಕೆಲಸ ಏನಿರುತ್ತದೆ? ಪರದೆಯ ಅಂಚು ಎತ್ತಿ ಇಣುಕಿದೆ. ಬಂಗಾರದ ಅಕ್ಷರ. 'ಎಂದೂ ತಪ್ಪು ಮಾಡದ ಮಹಾಪ್ರತಿಭೆ.' ಸ್ವಾಮೀ, ನನ್ನ ಮೈಯೆಲ್ಲ ಉರಿದುಹೋಯಿತು! ಎಂದೂ ತಪ್ಪು ಮಾಡದವಳೇ? ಇದನ್ನು ಬರೆದವರು ಯಾರು? ಅವಳ ಜೊತೆ ಒಂದು ವಾರವಾದರೂ ಕೆಲಸ ಮಾಡಿದವರೇ? ಬದುಕಿಡೀ ತನ್ನ ತಪ್ಪನ್ನು ತಾನೇ ದೊಡ್ಡ ಅಕ್ಷರದಲ್ಲಿ ಬರೆದು ನಿಲ್ಲಿಸಿದವಳಿಗೆ ಇದಕ್ಕಿಂತ ದೊಡ್ಡ ಅವಮಾನ ಇದೆಯೇ?

ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಈ ಫಲಕ ಎಲ್ಲಿ ಕೂತಿದೆ? ಆ ಹಲಗೆ ಇದ್ದ ಜಾಗದಲ್ಲೇ. ಹಲಗೆ ಯಾಕೆ ಹೋಯಿತು? ಕೇಳಿ.

ಹೋದ ತಿಂಗಳು ಒಬ್ಬ ಹುಡುಗಿ ನನ್ನ ಕ್ಲಿನಿಕ್ಕಿಗೆ ಬಂದಳು. ಈ ಸಂಸ್ಥೆಯ ಎಂಜಿನಿಯರ್. ಅವಳ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ. ನಿದ್ದೆಯಲ್ಲಿ ಹಲ್ಲು ಕಡಿದು ಕಡಿದು ದವಡೆಯ ಹಲ್ಲುಗಳೆಲ್ಲ ಸವೆದಿದ್ದವು. "ಏನಮ್ಮ ಅಂಥ ಚಿಂತೆ?" ಎಂದೆ. ಆಂಬುಲೆನ್ಸ್‌ಗಳಿಗೆ ಹತ್ತಿರದ ದಾರಿ ತೋರಿಸುವ ಪ್ರೋಗ್ರಾಂ ಅವಳದು. ದುರಸ್ತಿಗೆಂದು ಸೇತುವೆ ಮುಚ್ಚಿದರೂ ತನ್ನ ಪ್ರೋಗ್ರಾಂ ಗಾಡಿಯನ್ನು ಅದೇ ಸೇತುವೆಗೆ ಕಳಿಸುತ್ತದೆ ಎಂದು ಅವಳೇ ಕಂಡುಹಿಡಿದಳು. ಒಂದೇ ಒಂದು ಗಾಡಿ ಹೊರಡುವ ಮೊದಲೇ. ಪುಣ್ಯಾತ್ಗಿತ್ತಿ ಮುಚ್ಚಿಡಲಿಲ್ಲ. ಸೋಮವಾರ ಬಂದು ಹಲಗೆಯ ಮೇಲೆ ಬರೆದು, ತಪ್ಪು ನನ್ನದು ಎಂದು ಸಹಿ ಹಾಕಿದಳು. ಅದೇ ದಿನ ಆ ಪ್ರೋಗ್ರಾಂ ಕೊಳ್ಳುವವರು ಬಂದರು, ಓದಿದರು, ವಾಪಸು ಹೋದರು. ಸಂಜೆಗೆ ಅವಳಿಗೆ ಅಮಾನತು. ವಾರದೊಳಗೆ ಹಲಗೆ ಗೋಡೆಯಿಂದ ಕಿತ್ತು ಗುಜರಿಗೆ.

"ಪರೀಕ್ಷೆ ಮಾಡೋಕೆ ಇನ್ನಷ್ಟು ದಿನ ಕೊಡಿ ಅಂತ ಮೊದಲೇ ಕೇಳಿದ್ದೆ ಅಂಕಲ್. 'ಪ್ರೋಗ್ರಾಂ ಉದ್ಘಾಟನೆಗೆ ದಿನ ಗೊತ್ತಾಗಿದೆ, ಆಮೇಲೆ ನೋಡೋಣ' ಅಂದ್ರು" ಎಂದಳು ಹುಡುಗಿ. ಹಾಗೆಂದವರು ಯಾರು ಎಂದು ನಾನು ಕೇಳಲಿಲ್ಲ. ಮೆತ್ತನೆಯ ಕುರ್ಚಿಗಳು ಎಷ್ಟಿವೆಯೋ ಅಷ್ಟು ಜನರನ್ನು ಕೇಳಬೇಕಾದೀತು. ಆದರೆ ಹಲ್ಲಿನ ಡಾಕ್ಟರಾಗಿ ಒಂದು ಮಾತು ಹೇಳುವ ಹಕ್ಕು ನನಗಿದೆ. ಈ ಸಲ ನೋವು ಕಂಡದ್ದು ಕೆಳಗಿನ ಹಲ್ಲಿನಲ್ಲಿ, ಹುಳುಕು ಇರುವುದು ಮೇಲೆ. ನೀವು ನಾಳೆ ವಿಚಾರಣೆ ಎಂದು ಕರೆದು ಕೀಳಲು ಹೊರಟಿರುವುದು ಗಟ್ಟಿ ಹಲ್ಲನ್ನು.

ಇನ್ನೊಂದು ಮಾತು. ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ನನ್ನ ಹೆಂಡತಿ ಕೊನೆಯ ಸಲ ಇಲ್ಲಿಗೆ ಬಂದಾಗ ಅವಳಿಗೆ ನಿಲ್ಲಲು ಆಗುತ್ತಿರಲಿಲ್ಲ. ನಾನೇ ಗಾಲಿಕುರ್ಚಿ ತಳ್ಳಿಕೊಂಡು ಬಂದೆ. ಹಲಗೆಯ ಕೆಳಗಿನ ಮೂಲೆ ಮಾತ್ರ ಕೈಗೆ ಎಟುಕಿತು. ಬರೆದಳು: 'ಗಂಡನಿಗೆ ಅಡುಗೆ ಕಲಿಸದೆ ಹೊರಟಿದ್ದೇನೆ. ತಪ್ಪು ನನ್ನದು.' ಆ ದಿನ ಮಾತ್ರ ಈ ಕೋಣೆಯಲ್ಲಿ ಎಲ್ಲರೂ ನಕ್ಕರು, ಅವಳೂ ನಕ್ಕಳು. ಆಮೇಲೆ ಇಲ್ಲಿನ ಹುಡುಗರು ಉಳಿದದ್ದನ್ನೆಲ್ಲ ಅಳಿಸುತ್ತಿದ್ದರು, ಆ ಮೂಲೆಯನ್ನು ಮುಟ್ಟುತ್ತಿರಲಿಲ್ಲ. ಸೋಮವಾರ ಸೋಮವಾರ ಈ ಕಡೆ ನನಗೆ ಏನಾದರೂ ಕೆಲಸ ಬೀಳುತ್ತಿತ್ತು. ಬ್ಯಾಂಕು, ಔಷಧಿ ಅಂಗಡಿ, ಹೀಗೆ. ಬಂದವನು ಒಳಗೆ ಇಣುಕಿ ಹೋಗುತ್ತಿದ್ದೆ. ಈಗ ಬ್ಯಾಂಕಿನ ಕೆಲಸವೂ ಇಲ್ಲ.

ಆ ಮೂಲೆಯೂ ಗುಜರಿಗೆ ಹೋದ ಸಿಟ್ಟು ನನ್ನ ಸ್ವಂತದ್ದು, ಅದನ್ನು ಮನೆಗೆ ಒಯ್ಯುತ್ತೇನೆ. ಹುಡುಗಿಗಾಗಿ ಬಂದ ಸಿಟ್ಟನ್ನು ಇಲ್ಲೇ ಬಿಟ್ಟು ಹೋಗುತ್ತೇನೆ.

ನಿರ್ದೇಶಕರೇ, ಈ ಹಗ್ಗವನ್ನು ನಾನು ಎಳೆಯುವುದಿಲ್ಲ. ನನ್ನ ಹೆಂಡತಿಯ ಹೆಸರು ಬೇಕಿದ್ದರೆ ಆ ಹುಡುಗಿಯನ್ನು ಕೆಲಸಕ್ಕೆ ಕರೆಯಿರಿ, ಗೋಡೆಗೆ ಹಲಗೆ ಹಾಕಿ. ಅವಳಿಲ್ಲದೆ, ಹಲಗೆಯಿಲ್ಲದೆ, ಈ ಹೆಸರು ನಿಮಗೆ ಸಿಗುವುದಿಲ್ಲ. ಹಲಗೆಯ ಮೊದಲ ಸಾಲು ಮುಖ್ಯಸ್ಥರದು, ಅಂದರೆ ನಿಮ್ಮದು. ಬರೆಯಲು ಏನಿಲ್ಲ ಎನ್ನಬೇಡಿ. ಹಾಗೆಂದವನಿಗೆ ಮನೆಯಲ್ಲಿ ಎಂಥ ಉತ್ತರ ಸಿಗುತ್ತಿತ್ತೆಂದು ಈಗಾಗಲೇ ಹೇಳಿದ್ದೇನೆ. ನನ್ನ ಹೆಂಡತಿಯ ಕೈಚೀಲದಲ್ಲಿ ಉಳಿದಿದ್ದ ಸೀಮೆಸುಣ್ಣ ಇದು. ನಿಮ್ಮ ನೀರಿನ ಲೋಟದ ಪಕ್ಕದಲ್ಲಿ ಇಟ್ಟಿದ್ದೇನೆ. ಹೆದರಬೇಡಿ, ಯಾರೂ ನಗುವುದಿಲ್ಲ, ಅದು ಈ ಕೋಣೆಯ ನಿಯಮ.

ಕರೆದವರಿಗೂ, ಕೇಳಿದವರಿಗೂ, ಇಷ್ಟಾದರೂ ಮೈಕು ಆರಿಸದ ಆ ಪುಣ್ಯಾತ್ಮನಿಗೂ ವಂದನೆಗಳು. ಇವತ್ತು ಸೋಮವಾರ. ಎಲ್ಲರಿಗೂ ನಮಸ್ಕಾರ.