ಕೊನೇ ಸಾಲಿನ ಚಪ್ಪಾಳೆ

ಬಸ್ಸಿನ ಕೊನೇ ಸೀಟಿನಲ್ಲಿದ್ದ ಅಜ್ಜಿಯ ಕಿವಿ, ಮುಂದೆ ಕೂತಿದ್ದ ಅಕ್ಕ ತಮ್ಮಂದಿರ ಕಡೆ ತಾನಾಗಿ ವಾಲಿತು.

“ಅಕ್ಕಾ, ನಮ್ಮ ಯೂನಿವರ್ಸಿಟಿ ಮೇಡಂ ಶ್ರದ್ಧಾಂಜಲಿ ಸಭೇಲಿ ನಾನು ಮಾತಾಡಲ್ಲ. ಮಧ್ಯದಲ್ಲೇ ಮರೆತುಬಿಡ್ತೀನಿ.”

“ಯೂನಿವರ್ಸಿಟಿ ನಾಟಕದಲ್ಲೂ ಮರೀತಿದ್ದೆಯಲ್ಲೋ!”

“ಆಗ ಮೇಡಂ ಕೊನೇ ಸಾಲಲ್ಲಿ ಕೂತು ಚಪ್ಪಾಳೆ ಹೊಡೆಯೋರು. ಸಭೆಯೆಲ್ಲ ಜೊತೆಗೂಡೋದು. ಅಷ್ಟರಲ್ಲಿ ಮಾತು ನೆನಪಾಗೋದು.”

“ಎಷ್ಟು ಮರೆತೆಯೋ ಅಷ್ಟು ಚಪ್ಪಾಳೆ! ಅದಕ್ಕೇ ಮಹಾನಟ ಅಂತ ಬಹುಮಾನ ಕೊಟ್ರು.”

ತಮ್ಮ ಹೊಟ್ಟೆ ಹಿಡಿದು ನಕ್ಕ. ಅಕ್ಕ ಮಾತು ಮುಂದುವರಿಸಿದಳು.

“ಮೇಡಂ ಅಷ್ಟು ವರ್ಷ ಹುಡುಗರ ಆಟ, ನಾಟಕ ಎಲ್ಲ ನೋಡ್ಕೊಂಡ್ರು. ಒಂದು ದಿನಾನೂ ವೇದಿಕೆ ಹತ್ತಲಿಲ್ಲ ಪುಣ್ಯಾತ್ಗಿತ್ತಿ.”

“ಇವತ್ತು ಚಪ್ಪಾಳೆ ಹೊಡೆಯೋರು ಯಾರಕ್ಕಾ?”

“ನಾನು ಸತ್ತಿದ್ದೀನೇನೋ? ಕೊನೇ ಸಾಲಲ್ಲೇ ಕೂರ್ತೀನಿ, ಏಳು.”

ಸ್ಟಾಪ್ ಬಂತು. ಅಕ್ಕ ಇಳಿದಳು; ತಮ್ಮ ಬಾಗಿಲಲ್ಲೇ ಕಂಬದಂತೆ ನಿಂತ. ಕೊನೇ ಸೀಟಿನಿಂದ ಅಜ್ಜಿ ಜೋರಾಗಿ ಚಪ್ಪಾಳೆ ತಟ್ಟಿದಳು. ಬಸ್ಸೆಲ್ಲ ಜೊತೆಗೂಡಿತು. ಅವನು ತಿರುಗಿ, ಕಣ್ಣರಳಿಸಿ ನಕ್ಕು, ಇಳಿದೇಬಿಟ್ಟ.