ಕೈಗೆ ಸುತ್ತಿದ ಬಟ್ಟೆ

ಸಂಜೆಗೆ ಮೊದಲೇ ಕವಿದ ಮಳೆಗೆ ಕರೆಂಟು ಹೋಗಿ, ಪ್ರೆಸ್ಸಿನ ಆಫ್‌ಸೆಟ್ ಮಷಿನ್ನು ನಿಂತುಬಿಟ್ಟಿತ್ತು. ನಾವು ಕಾಗದದ ಬಂಡಲುಗಳ ಮೇಲೆ ಕೂತಿದ್ದೆವು. ರೋಲರಿನ ಮೇಲೆ ಮಸಿ ಒಣಗೀತೆಂದು ಹೊಸ ಮಷಿನ್‌ಮ್ಯಾನ್ ಬಟ್ಟೆಯೊಂದನ್ನು ಕೈಗೆ ಸುತ್ತಿಕೊಂಡ. ಒರೆಸುವ ಬಟ್ಟೆ ಹರಿದು ಕೊಡುವ ತಾತ ಮೂಲೆಯಿಂದ ತಲೆಯೆತ್ತಿದರು.

“ಬಿಚ್ಚಪ್ಪಾ ಅದನ್ನ.”

“ನಿಂತ ಮಷಿನ್ನು ಕಚ್ಚುತ್ತಾ ತಾತ?”

“ಬಿಚ್ತಾ ಬಿಚ್ತಾ ಕೇಳು.”

ಅವನು ನಗುತ್ತ ಬಿಚ್ಚತೊಡಗಿದ.

“ನಮ್ಮಣ್ಣ ಇದೇ ಮಷಿನ್ನಲ್ಲಿದ್ದ. ಕೆಲಸ ಮುಗಿದ್ಮೇಲೆ ರೋಲರ್ ತೊಳೆದು, ಒಂದಕ್ಕೊಂದು ತಾಗದ ಹಾಗೆ ಬಿಡಿಸಿ ಇಡ್ಬೇಕು… ಇಲ್ದಿದ್ರೆ ಬೆಳಗಾಗೋದ್ರೊಳಗೆ ಒತ್ತಿದ ಕಡೆ ರಬ್ಬರ್ ಚಪ್ಪಟೆಯಾಗುತ್ತೆ. ಬಟ್ಟೆ ಮಾತ್ರ ಚಿವುಟಿ ಹಿಡೀಬೇಕು, ಎಳೆದ್ರೆ ಕೈಬಿಟ್ಟು ಹೋಗೋ ಹಾಗೆ. ಅವತ್ತು ಅತ್ತಿಗೆ ಗೇಟಿನ ಹತ್ರ ಕಾಯ್ತಿದ್ರು, ಇವನಿಗೆ ಆತುರ, ಓಡ್ತಿರೋ ರೋಲರಿಗೇ ಬಟ್ಟೆ ಸುತ್ತಿದ ಕೈ ಹಾಕ್ದ… ಅಲ್ಲೇ ಜೀವ ಹೋಯ್ತು. ಮಿಕ್ಕಿದ್ದು ನಾನೇನು ಹೇಳ್ಲಿ?

“ಆಮೇಲೆ ಶುರುವಾಯ್ತು. ನಾವು ಮರೆತು ಹೋದ್ರೂ ಬೆಳಿಗ್ಗೆ ರೋಲರ್ ತೊಳೆದು ಬಿಡಿಸಿಟ್ಟಿರೋದು. ಯಾರೂ ಬಾಯಿ ಬಿಡ್ಲಿಲ್ಲ, ಆದ್ರೂ ಅತ್ತಿಗೆ ಕಿವಿಗೆ ಬಿತ್ತು. ಕಸ ಗುಡಿಸೋಕೆ ಅಂತ ಇಲ್ಲೇ ಸೇರ್ಕೊಂಡ್ರು. ಮಷಿನ್ನಿನ ಪಕ್ಕ ನಿಂತು, ‘ಊಟ ಆರಿಹೋಯ್ತು, ಇನ್ನೂ ಎಷ್ಟೊತ್ತು ನಿಮ್ದು?’ ಅನ್ನೋರು, ಮನೇಲಿ ಗದರೋ ಹಾಗೇನೇ. ಮನೆಗೆ ಬನ್ನಿ ಅತ್ತಿಗೆ ಅಂತ ಎಷ್ಟು ಕೈಮುಗಿದೆ… ‘ನೀನು ನಡಿಯಪ್ಪಾ, ಇವರ್ದು ಮುಗೀಲಿ’ ಅಂದ್ರು. ಏನು ಮಾಡ್ಲಿ ನಾನು? ಎತ್ಕೊಂಡು ಹೋಗೋಕಾಗುತ್ತಾ?

“ಒಂದು ಬೆಳಿಗ್ಗೆ ಬಾಗಿಲು ತೆಗೆದ್ರೆ ಮಷಿನ್ನು ಓಡ್ತಾ ಇದೆ. ಅತ್ತಿಗೆ ಕೈ ಅಣ್ಣನ ಕೈ ಸಿಕ್ಕಿದ್ದಲ್ಲೇ… ಮೈ ಆರಿಹೋಗಿತ್ತು. ಅಣ್ಣನ ಹಳೇ ಅಂಗಿ ಹರಿದು ಬಲಗೈಗೆ ಸುತ್ಕೊಂಡಿದ್ರು, ಮಣಿಕಟ್ಟಿನ ಹತ್ರ ಬಿಗಿಯಾಗಿ ಗಂಟು. ಎಳೆದ್ರೂ ಬರ್ಬಾರ್ದು, ಹಂಗೆ. ಅಂಥ ಗಂಟು ಒಂದೇ ಕೈಲಿ ಹಾಕ್ಕೊಳೋಕಾಗುತ್ತೇನ್ರಪ್ಪಾ? ನೀವೇ ಹೇಳಿ…

“ಅದಕ್ಕೇ ನಾನು ಬಟ್ಟೇನ ಅಂಗೈಯಷ್ಟೇ ಹರಿಯೋದು. ಯಾರ ಕೈಗೂ ಸುತ್ತೋಕೆ ಸಾಲ್ಬಾರ್ದು. ಈ ಉದ್ದನೇದು ನಿನಗೆಲ್ಲಿ ಸಿಕ್ತು?”

“ಮಷಿನ್ನಿನ ಮೇಲೇ ಇತ್ತು ತಾತ.” ಮಷಿನ್‌ಮ್ಯಾನ್ ಇನ್ನೂ ತನ್ನ ಮಣಿಕಟ್ಟನ್ನೇ ಕೆದಕುತ್ತಿದ್ದ. ನಗು ಮಾಯವಾಗಿತ್ತು. “ಗಂಟು ಬಿಚ್ಚೋಕಾಗ್ತಿಲ್ಲ.”

“ಗಂಟು ನೀನು ಹಾಕಿದ್ಯಾ?”

“ಇಲ್ಲ… ಬರೀ ಸುತ್ಕೊಂಡಿದ್ದೆ.”

ತಾತ ನಮ್ಮ ಕಡೆ ತಿರುಗಿದರು. ದನಿ ಏರಲಿಲ್ಲ.

“ಕತ್ತರಿ ತನ್ನಿ. ಕರೆಂಟು ಬರೋದ್ರೊಳಗೆ ತನ್ನಿ.”